ಹೊಸ ಸ್ಪೋರ್ಟ್ಸ್ ಬೈಕಿನ ವಿನ್ಯಾಸ: ಯಾವುದು ವಿಜ್ಞಾನ, ಯಾವುದು ಅಲಂಕಾರ?

ಯಾವುದೇ ಕಂಪನಿ ಹೊಸ ಸ್ಪೋರ್ಟ್ಸ್ ಬೈಕಿನ ಚಿತ್ರ ಹೊರಬಿಟ್ಟ ದಿನ ಬೈಕ್ ಪ್ರಿಯರಲ್ಲಿ ಎರಡು ಬಣಗಳಾಗುತ್ತವೆ. "ಮುಂಭಾಗ ನೋಡಿ, ಥೇಟ್ ರೇಸ್ ಬೈಕ್" ಎಂದು ಒಬ್ಬರು ಹೊಗಳಿದರೆ, "ಹಳೆಯದೇ ಚೆನ್ನಾಗಿತ್ತು, ಇದು ಪ್ಲಾಸ್ಟಿಕ್ ಆಟಿಕೆಯಂತಿದೆ" ಎಂದು ಇನ್ನೊಬ್ಬರು ತೆಗಳುತ್ತಾರೆ. ಚರ್ಚೆ ಬೇಗನೆ ರೆಕ್ಕೆ, ಟಯರ್, ಸೀಟು, ಹ್ಯಾಂಡಲ್‌ಗಳ ಕಡೆ ಹೊರಳುತ್ತದೆ. ಅಲ್ಲಿ ಕೇಳಿಬರುವ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಬರೀ ನಂಬಿಕೆ. ಲಕ್ಷಗಟ್ಟಲೆ ಹಣ ಕೊಟ್ಟು ಕೊಂಡ ಬೈಕಿನ ಮೇಲೆ ದಿನವೂ ಕೂರುವವರ ಮಣಿಕಟ್ಟು, ಸೊಂಟ ಮತ್ತು ಹಿಂದೆ ಕೂತವರ ಸುರಕ್ಷತೆ ಇದನ್ನು ಅವಲಂಬಿಸಿರುವುದರಿಂದ, ಆ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲು ಒಂದು ಹಳೆಯ ಜಗಳ

ಬೈಕಿನ ಅಂದದ ಬಗ್ಗೆ ನಡೆದ ಅತಿ ಪ್ರಸಿದ್ಧ ವಾದ ಇಟಲಿಯ ಡುಕಾಟಿ ಕಂಪನಿಯ ಬೈಕುಗಳದ್ದು. 1994ರಲ್ಲಿ ಬಂದ ಡುಕಾಟಿ 916 ಅನ್ನು ವಿನ್ಯಾಸಗೊಳಿಸಿದವರು ಮಾಸ್ಸಿಮೊ ತಂಬುರಿನಿ. ಅಕ್ಕಪಕ್ಕದಲ್ಲಿರುವ ಎರಡು ತೆಳು ಹೆಡ್‌ಲೈಟ್, ಸೀಟಿನ ಕೆಳಗಿಂದ ಹೊರಬರುವ ಸೈಲೆನ್ಸರ್, ಹಿಂಚಕ್ರವನ್ನು ಒಂದೇ ಬದಿಯಿಂದ ಹಿಡಿದಿರುವ ತೋಳು ಅದರ ಗುರುತುಗಳು. ಅದನ್ನು ಇಂದಿಗೂ ಅನೇಕರು ಅತಿ ಸುಂದರ ಬೈಕುಗಳ ಸಾಲಿನಲ್ಲಿಡುತ್ತಾರೆ.

ಅದರ ಉತ್ತರಾಧಿಕಾರಿಯಾಗಿ 2003ರ ಮಾದರಿಯಾಗಿ ಬಂದದ್ದು ಪಿಯರ್ ಟೆರ್ಬ್ಲಾಂಚ್ ವಿನ್ಯಾಸದ 999. ಹೆಡ್‌ಲೈಟ್‌ಗಳು ಒಂದರ ಮೇಲೊಂದು ಕೂತಿದ್ದವು, ಒಂಟಿ ತೋಳಿನ ಬದಲು ಎರಡು ಬದಿಯ ತೋಳು ಬಂದಿತ್ತು. ಅಭಿಮಾನಿಗಳಲ್ಲಿ ಬಹಳಷ್ಟು ಜನ ಮುಖ ಸಿಂಡರಿಸಿದರು. ಆದರೆ ಅದೇ 999 ಬೈಕು 2003, 2004 ಮತ್ತು 2006ರಲ್ಲಿ ವಿಶ್ವ ಸೂಪರ್‌ಬೈಕ್ ಪಟ್ಟ ಗೆದ್ದಿತು. ಸೀಟು, ಫುಟ್‌ರೆಸ್ಟ್‌ಗಳನ್ನು ಸವಾರನ ಅಳತೆಗೆ ಹೊಂದಿಸಿಕೊಳ್ಳುವ ಅನುಕೂಲವೂ ಅದರ ಒಂದು ಮಾದರಿಯಲ್ಲಿತ್ತು. ಹಾಗಿದ್ದರೂ 2007ರಲ್ಲಿ ಬಂದ 1098ರಲ್ಲಿ ಕಂಪನಿ ಅಕ್ಕಪಕ್ಕದ ಹೆಡ್‌ಲೈಟ್‌ಗೂ ಒಂಟಿ ತೋಳಿಗೂ ಮರಳಿತು.

ಇದರಿಂದ ಎರಡು ವಿಷಯ ಸ್ಪಷ್ಟ. ಚೆನ್ನಾಗಿ ಕಾಣುವುದು ಬೇರೆ, ಚೆನ್ನಾಗಿ ಓಡುವುದು ಬೇರೆ. ಹಾಗೆಯೇ ಕೊಳ್ಳುವವರ ಕಣ್ಣಿಗೆ ಹಿಡಿಸದಿದ್ದರೆ ಗೆದ್ದ ಪಟ್ಟವೂ ವಿನ್ಯಾಸವನ್ನು ಉಳಿಸುವುದಿಲ್ಲ.

ಫೇರಿಂಗ್ ಬರೀ ಅಲಂಕಾರವೇ?

ಬೈಕಿನ ಮುಂಭಾಗ ಮತ್ತು ಪಕ್ಕಗಳನ್ನು ಮುಚ್ಚುವ ಹೊದಿಕೆಗೆ ಫೇರಿಂಗ್ ಎನ್ನುತ್ತಾರೆ. ಇದರ ಮೂಲ ಕೆಲಸ ಗಾಳಿಯನ್ನು ಸೀಳುವುದು. 1950ರ ದಶಕದ ರೇಸ್ ಬೈಕುಗಳಲ್ಲಿ ಮುಂಚಕ್ರವನ್ನೂ ಸೇರಿಸಿ ಮುಚ್ಚುವ ದೊಡ್ಡ ಫೇರಿಂಗ್‌ಗಳಿದ್ದವು. ವೇಗವೇನೋ ಸಿಕ್ಕಿತು, ಆದರೆ ಪಕ್ಕದಿಂದ ಗಾಳಿ ಬೀಸಿದಾಗ ಬೈಕನ್ನು ಹಿಡಿತದಲ್ಲಿಡುವುದು ಕಷ್ಟವಾಗುತ್ತಿತ್ತು. 1957ರ ಋತು ಮುಗಿದ ಮೇಲೆ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಅವುಗಳನ್ನು ನಿಷೇಧಿಸಿತು. ಮುಂಚಕ್ರವನ್ನು ಬಯಲಾಗಿ ಬಿಡುವ ಇಂದಿನ ಫೇರಿಂಗ್‌ನ ಆಕಾರ ಬೆಳೆದದ್ದು ಆ ನಿಯಮದ ನಂತರ. ರಸ್ತೆ ಬೈಕುಗಳಲ್ಲಿ ಪೂರ್ಣ ಫೇರಿಂಗ್ ಕಂಪನಿಯಿಂದಲೇ ಬರುವಂತಾದದ್ದು 1976ರ ಬಿಎಂಡಬ್ಲ್ಯು ಆರ್100ಆರ್‌ಎಸ್‌ನಿಂದ. ಅದರ ಆಕಾರವನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿ ರೂಪಿಸಲಾಗಿತ್ತು.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಆ ತಡೆಯನ್ನು ಮೀರಲು ಎಂಜಿನ್ ಒದಗಿಸಬೇಕಾದ ಶಕ್ತಿ ಎಂಟರಷ್ಟು. ಹೀಗಾಗಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಹೋಗುವಾಗ ಫೇರಿಂಗ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಎದೆಗೆ ಬಡಿಯುವ ಗಾಳಿ ಕಡಿಮೆಯಾಗಿ ದಣಿವು ತಗ್ಗುತ್ತದೆ, ಎಂಜಿನ್‌ಗೂ ಹೊರೆ ಇಳಿಯುತ್ತದೆ. ಆದರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿ 15 ಕಿ.ಮೀ. ವೇಗದಲ್ಲಿ ತೆವಳುವಾಗ ಅದರಿಂದ ಲೆಕ್ಕಕ್ಕೆ ಬರುವ ಲಾಭವಿಲ್ಲ. ಬದಲಿಗೆ ರೇಡಿಯೇಟರ್ ಮತ್ತು ಎಂಜಿನ್‌ನ ಬಿಸಿಗಾಳಿ ಹೊದಿಕೆಯೊಳಗಿಂದ ನುಗ್ಗಿ ತೊಡೆ, ಮೊಣಕಾಲುಗಳಿಗೆ ತಾಗುತ್ತದೆ. ಫೇರಿಂಗ್ ಇದ್ದರೆ ನಗರದಲ್ಲೂ ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿಗೆ ಹೀಗಾಗಿ ಆಧಾರವಿಲ್ಲ.

ರೆಕ್ಕೆಗಳು ಬೈಕನ್ನು ನೆಲಕ್ಕೆ ಅಂಟಿಸುತ್ತವೆಯೇ?

ಈಗ ಅತಿ ಹೆಚ್ಚು ವಾದ ನಡೆಯುವುದು ಮುಂಭಾಗದ ಪುಟ್ಟ ರೆಕ್ಕೆಗಳ, ಅಂದರೆ ವಿಂಗ್‌ಲೆಟ್‌ಗಳ ಬಗ್ಗೆ. ವಿಮಾನದ ರೆಕ್ಕೆ ಮೇಲಕ್ಕೆತ್ತುವಂತಿದ್ದರೆ, ಇವು ಅದರ ತಲೆಕೆಳಗು ರೂಪ. ಗಾಳಿಯನ್ನು ಮೇಲಕ್ಕೆ ತಿರುಗಿಸಿ ಬೈಕನ್ನು ಕೆಳಕ್ಕೆ ಒತ್ತುತ್ತವೆ. 200 ಅಶ್ವಶಕ್ತಿ ಮೀರಿದ ಎಂಜಿನ್ ಇರುವ ಬೈಕು ಬಿರುಸಾಗಿ ವೇಗ ಹೆಚ್ಚಿಸುವಾಗ ಮುಂಚಕ್ರ ನೆಲ ಬಿಟ್ಟು ಏಳುತ್ತದೆ. ಅದನ್ನು ತಡೆಯಲು ಎಲೆಕ್ಟ್ರಾನಿಕ್ ವ್ಯವಸ್ಥೆ ಎಂಜಿನ್ ಶಕ್ತಿಯನ್ನು ತಗ್ಗಿಸಬೇಕಾಗುತ್ತದೆ. ರೆಕ್ಕೆಯ ಒತ್ತಡ ಸಿಕ್ಕರೆ ಅಷ್ಟು ತಗ್ಗಿಸಬೇಕಾಗುವುದಿಲ್ಲ. ಮೋಟೋಜಿಪಿ ರೇಸ್‌ನಲ್ಲಿ 2015ರಿಂದ ಡುಕಾಟಿ ಇದನ್ನು ಬೆಳೆಸಿತು. ಇತರ ತಂಡಗಳೂ ಹಿಂಬಾಲಿಸಿದವು. ಬೈಕುಗಳು ತಾಗಿದಾಗ ಚಾಚಿಕೊಂಡ ರೆಕ್ಕೆ ಸವಾರರನ್ನು ಗಾಯಗೊಳಿಸಬಹುದೆಂಬ ಆತಂಕದಿಂದ 2017ಕ್ಕೆ ಹೊರಚಾಚಿದ ರೆಕ್ಕೆಗಳನ್ನು ನಿಷೇಧಿಸಲಾಯಿತು. ಆಮೇಲೆ ಅವು ಫೇರಿಂಗ್‌ನ ಭಾಗವಾಗಿಯೇ ಬೇರೆ ಬೇರೆ ಆಕಾರದಲ್ಲಿ ಮರಳಿದವು.

ಅಂದರೆ ರೆಕ್ಕೆಯ ಹಿಂದಿನ ವಿಜ್ಞಾನ ನಿಜ. ಪ್ರಶ್ನೆ ಇರುವುದು ಪ್ರಮಾಣದ್ದು. ಡುಕಾಟಿ ತನ್ನ ಪಾನಿಗಾಲೆ ವಿ4 ಬೈಕಿನ 2020ರ ಮಾದರಿಯ ರೆಕ್ಕೆಗಳು ಗಂಟೆಗೆ 270 ಕಿ.ಮೀ. ವೇಗದಲ್ಲಿ 30 ಕಿಲೋ ಒತ್ತಡ ಉಂಟುಮಾಡುತ್ತವೆ ಎಂದು ಹೇಳುತ್ತದೆ. ಈ ಒತ್ತಡವೂ ವೇಗದ ವರ್ಗಕ್ಕೆ ಅನುಗುಣ. ಆ ಲೆಕ್ಕದಲ್ಲಿ ನಮಗೆ ಸಿಗುವುದು ಇಷ್ಟು:

270 ಕಿ.ಮೀ. ವೇಗದಲ್ಲಿ 30 ಕಿಲೋ.
135 ಕಿ.ಮೀ. ವೇಗದಲ್ಲಿ ಸುಮಾರು 7.5 ಕಿಲೋ.
100 ಕಿ.ಮೀ. ವೇಗದಲ್ಲಿ ಸುಮಾರು 4 ಕಿಲೋ.
60 ಕಿ.ಮೀ. ವೇಗದಲ್ಲಿ ಸುಮಾರು 1.5 ಕಿಲೋ.

ಅಂದರೆ ಊರೊಳಗಿನ ವೇಗದಲ್ಲಿ ಅಷ್ಟು ದೊಡ್ಡ ರೆಕ್ಕೆ ಕೊಡುವುದು ತುಂಬಿದ ಟಿಫಿನ್ ಕ್ಯಾರಿಯರ್‌ನ ಭಾರದಷ್ಟು ಒತ್ತಡ. ನಮ್ಮಲ್ಲಿ ಸಿಗುವ ಸಣ್ಣ ಸ್ಪೋರ್ಟ್ಸ್ ಬೈಕುಗಳಿಗೂ ಈಗ ರೆಕ್ಕೆಗಳು ಬಂದಿವೆ. ಹೊಸೂರಿನ ಟಿವಿಎಸ್ ಕಂಪನಿಯ ಅಪಾಚೆ ಆರ್‌ಆರ್ 310ಕ್ಕೆ ಅವು ಸೇರಿದ್ದು 2024ರಲ್ಲಿ. ರೇಸ್ ಟ್ರ್ಯಾಕಿನ ನೇರ ದಾರಿಯಲ್ಲಿ ಅವುಗಳಿಗೆ ಅರ್ಥವಿದೆ. ಆದರೆ ಅವುಗಳನ್ನು ನಂಬಿ ನಂದಿಬೆಟ್ಟದ ತಿರುವಿನಲ್ಲಿ ಹೆಚ್ಚು ವೇಗವಾಗಿ ನುಗ್ಗುವುದು ಅಪಾಯ. ಇನ್ನು ಬೈಕಿಗೆ ಅಂಗಡಿಯಿಂದ ತಂದು ಅಂಟಿಸುವ ಪ್ಲಾಸ್ಟಿಕ್ ರೆಕ್ಕೆಗಳು ಬರೀ ಅಲಂಕಾರ. ಅವುಗಳ ಕೋನ, ಜಾಗ ಯಾವುದನ್ನೂ ಆ ಬೈಕಿಗಾಗಿ ಪರೀಕ್ಷಿಸಿರುವುದಿಲ್ಲ.

ತಗ್ಗಿದ ಹ್ಯಾಂಡಲ್: ನೋವು ಬರುವುದೇಕೆ?

"ಸ್ಪೋರ್ಟ್ಸ್ ಬೈಕ್ ಅಂದಮೇಲೆ ಬೆನ್ನು ನೋವು ಸಹಜ, ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ" ಎಂಬುದು ಇನ್ನೊಂದು ಜನಪ್ರಿಯ ಮಾತು. ಇದರಲ್ಲಿ ಅರ್ಧ ಮಾತ್ರ ನಿಜ.

ತಗ್ಗಿದ ಹ್ಯಾಂಡಲ್, ಹಿಂದಕ್ಕೂ ಮೇಲಕ್ಕೂ ಸರಿದ ಫುಟ್‌ರೆಸ್ಟ್ ಸವಾರನನ್ನು ಮುಂದಕ್ಕೆ ಬಾಗಿಸುತ್ತವೆ. ಟ್ರ್ಯಾಕಿನಲ್ಲಿ ಇದಕ್ಕೆ ಕಾರಣಗಳಿವೆ. ಮೈ ಗಾಳಿಗೆ ಕಡಿಮೆ ಅಡ್ಡವಾಗುತ್ತದೆ, ಮುಂಚಕ್ರದ ಮೇಲೆ ಭಾರ ಬೀಳುತ್ತದೆ, ಬೈಕನ್ನು ಆಳವಾಗಿ ಓರೆ ಮಾಡಿದಾಗಲೂ ಫುಟ್‌ರೆಸ್ಟ್ ನೆಲಕ್ಕೆ ತಾಗುವುದಿಲ್ಲ. ಹೆಚ್ಚು ವೇಗದಲ್ಲಿ ಎದೆಗೆ ಬಡಿಯುವ ಗಾಳಿ ಮೈಯನ್ನು ಸ್ವಲ್ಪ ಎತ್ತಿ ಹಿಡಿಯುವುದರಿಂದ ಕೈಗಳ ಭಾರವೂ ಇಳಿಯುತ್ತದೆ. ನಗರದ ವೇಗದಲ್ಲಿ ಆ ಗಾಳಿಯ ಆಸರೆ ಇರುವುದಿಲ್ಲ. ಆಗ ಎದೆ, ಭುಜ, ತಲೆ ಮತ್ತು ಹೆಲ್ಮೆಟ್‌ನ ಭಾರದಲ್ಲಿ ದೊಡ್ಡ ಪಾಲು ಅಂಗೈ, ಮಣಿಕಟ್ಟುಗಳ ಮೇಲೆ ಬೀಳುತ್ತದೆ. ಅದರ ಜೊತೆಗೆ ಪದೇ ಪದೇ ಕ್ಲಚ್ ಹಿಡಿಯುವ ಕೆಲಸ. ದಾರಿ ನೋಡಲು ಕತ್ತನ್ನು ಸದಾ ಮೇಲೆತ್ತಿರಬೇಕು.

ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳು ಬಲಗೊಂಡು, ಮೊಣಕಾಲುಗಳಿಂದ ಟ್ಯಾಂಕನ್ನು ಅವಚಿ ಹಿಡಿಯುವುದನ್ನು ಕಲಿತರೆ ಕೈಗಳ ಭಾರ ನಿಜಕ್ಕೂ ಕಡಿಮೆಯಾಗುತ್ತದೆ. ಅಭ್ಯಾಸದಿಂದ ಸರಿಹೋಗುವುದು ಈ ಭಾಗ. ಆದರೆ ಬೆರಳುಗಳಲ್ಲಿ ಜೋಮು, ಚುಚ್ಚಿದಂತಾಗುವುದು, ಹಿಡಿತ ಸಡಿಲವಾಗುವುದು ಬೇರೆ ಸಂಗತಿ. ಅಂಗೈ ಮತ್ತು ಮಣಿಕಟ್ಟಿನ ಮೂಲಕ ಹಾದುಹೋಗುವ ನರಗಳ ಮೇಲೆ ಒತ್ತಡ ಬೀಳುತ್ತಿರುವುದರ ಸೂಚನೆ ಅದಾಗಿರಬಹುದು. ಬೈಕಿನಿಂದ ಇಳಿದ ಮೇಲೂ ಜೋಮು ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ "ಅಭ್ಯಾಸವಾಗುತ್ತದೆ" ಎಂದು ಕಾಯದೆ ವೈದ್ಯರನ್ನು ಕಾಣಬೇಕು.

ಹಿಂದಿನ ಸೀಟಿನ ಮಾತು

ಚರ್ಚೆಯಲ್ಲಿ ಬಹುತೇಕ ಮರೆತುಹೋಗುವವರು ಹಿಂದೆ ಕೂರುವವರು. ರೇಸ್ ಬೈಕಿನಂತೆ ಕಾಣಲೆಂದು ಬಾಲವನ್ನು ಚೂಪಾಗಿ ಎತ್ತಿದಾಗ ಹಿಂದಿನ ಸೀಟು ಅಂಗೈಯಗಲವಾಗಿ, ಮೇಲಕ್ಕೇರಿ ಕೂರುತ್ತದೆ. ಆಗ ಬೈಕಿನ ಒಟ್ಟು ಗುರುತ್ವ ಕೇಂದ್ರವೂ ಮೇಲೇರಿ, ನಿಧಾನ ವೇಗದಲ್ಲಿ ಬೈಕು ತೂಗಾಡುತ್ತದೆ. ಇನ್ನೂ ದೊಡ್ಡ ತೊಂದರೆ ಬ್ರೇಕ್ ಹಿಡಿದಾಗ. 60 ಕಿಲೋ ತೂಕದವರು ಹಿಂದೆ ಕೂತಿದ್ದು, ಗುರುತ್ವದ ಅರ್ಧದಷ್ಟು ಬಿರುಸಾಗಿ ಬ್ರೇಕ್ ಹಾಕಿದರೆ ಅವರನ್ನು ಮುಂದಕ್ಕೆ ದಬ್ಬುವ ಬಲ ಸುಮಾರು 30 ಕಿಲೋ ಭಾರಕ್ಕೆ ಸಮ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಅದರಲ್ಲಿ ಬಹುಪಾಲು ಸವಾರನ ಬೆನ್ನಿಗೆ, ಅಲ್ಲಿಂದ ಆಗಲೇ ದಣಿದಿರುವ ಅವನ ಮಣಿಕಟ್ಟಿಗೆ ದಾಟುತ್ತದೆ. ಹ್ಯಾಂಡಲ್ ನಿಖರವಾಗಿ ತಿರುಗಿಸಬೇಕಾದ ಕ್ಷಣದಲ್ಲಿಯೇ ಕೈಗಳು ಬಿಗಿಯಾಗಿಬಿಡುತ್ತವೆ.

ಕಾನೂನು ಇದನ್ನು ಗಮನಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಬೈಕಿನಲ್ಲಿ ಹಿಂಬದಿ ಸವಾರರಿಗೆ ಕೈಹಿಡಿ, ಫುಟ್‌ರೆಸ್ಟ್ ಮತ್ತು ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಕನಿಷ್ಠ ಅರ್ಧ ಭಾಗವನ್ನು ಮುಚ್ಚುವ ತಡೆ ಇರಬೇಕು. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. "ಲುಕ್ ಹಾಳಾಗುತ್ತದೆ" ಎಂದು ಶೋರೂಮಿನಿಂದ ಬಂದ ವಾರದಲ್ಲೇ ಅದನ್ನು ಬಿಚ್ಚಿಸುವವರಿದ್ದಾರೆ. ಚೂಡಿದಾರದ ದುಪಟ್ಟಾ, ಸೀರೆಯ ಸೆರಗು, ಮಳೆಕೋಟಿನ ತುದಿ ಚೈನಿಗೋ ಚಕ್ರಕ್ಕೋ ಸುತ್ತಿಕೊಂಡರೆ ಕ್ಷಣಾರ್ಧದಲ್ಲಿ ಮನುಷ್ಯರನ್ನೇ ಎಳೆದುಬಿಡುತ್ತದೆ. ಬೈಕಿನ ಮೇಲಿರುವ ಭಾಗಗಳಲ್ಲಿ ಅಲಂಕಾರಕ್ಕಾಗಿ ಎಂದೂ ತೆಗೆಯಬಾರದ ಒಂದಿದ್ದರೆ ಅದು ಇದೇ.

ಗ್ರಾಹಕರ ದನಿಗೆ ಬೆಲೆಯಿದೆ ಎಂಬುದಕ್ಕೆ ಇಲ್ಲಿಯದೇ ಉದಾಹರಣೆ ಇದೆ. 2008ರಲ್ಲಿ ಭಾರತಕ್ಕೆ ಬಂದ ಯಮಹಾ ಆರ್15ರಲ್ಲಿ ಒಂದೇ ಸೀಟಿತ್ತು. 2011ರ ಎರಡನೇ ಆವೃತ್ತಿಯಲ್ಲಿ ಅದು ಎತ್ತರದ ಒಡೆದ ಸೀಟಾಯಿತು. 2015ರಲ್ಲಿ ಕಂಪನಿ ಮತ್ತೆ ಒಂದೇ ಸೀಟಿರುವ ಆರ್15ಎಸ್ ಮಾದರಿಯನ್ನೂ ತಂದಿತು.

ದಪ್ಪ ಟಯರ್ ಎಂದರೆ ಹೆಚ್ಚು ಹಿಡಿತವೇ?

ಹಿಂದಿನ ಟಯರ್ ದಪ್ಪಗಿದ್ದಷ್ಟೂ ಬೈಕು ಗಟ್ಟಿಮುಟ್ಟಾಗಿ ಕಾಣುತ್ತದೆ. ಹೆಚ್ಚು ಶಕ್ತಿಯ ಎಂಜಿನ್‌ಗೆ ಅಗಲ ಟಯರ್ ಬೇಕು, ನಿಜ. ಆದರೆ ಹಿಡಿತವನ್ನು ಮುಖ್ಯವಾಗಿ ತೀರ್ಮಾನಿಸುವುದು ರಬ್ಬರಿನ ಗುಣ, ಗಾಳಿಯ ಒತ್ತಡ ಮತ್ತು ಟಯರ್ ಸವೆದಿರುವ ಮಟ್ಟ. ಅಗಲ ಟಯರ್ ಹಾಕಿದ ಬೈಕನ್ನು ಅದೇ ತಿರುವಿನಲ್ಲಿ ಅದೇ ವೇಗದಲ್ಲಿ ಸ್ವಲ್ಪ ಹೆಚ್ಚೇ ಓರೆ ಮಾಡಬೇಕಾಗುತ್ತದೆ, ಏಕೆಂದರೆ ಓರೆಯಾದಾಗ ನೆಲಕ್ಕೆ ತಾಗುವ ಜಾಗ ಪಕ್ಕಕ್ಕೆ ಸರಿಯುತ್ತದೆ. ಕಂಪನಿಯ ರಿಮ್ ಹಾಗೆಯೇ ಇಟ್ಟು ಎರಡು ಅಳತೆ ದೊಡ್ಡ ಟಯರ್ ಹಾಕಿಸಿದರೆ ಟಯರಿನ ಅಂಚುಗಳು ಒಳಕ್ಕೆ ಸೆಳೆದುಕೊಂಡು ಅದರ ದುಂಡಗಿನ ಆಕಾರವೇ ಕೆಡುತ್ತದೆ. ಆಗುಂಬೆ ಘಾಟಿಯ ಮಳೆಯಲ್ಲಿ ನಿಮ್ಮನ್ನು ಕಾಯುವುದು ಸರಿಯಾದ ಅಳತೆಯ, ಸವೆಯದ ಟಯರ್ ಮತ್ತು ಎಬಿಎಸ್. 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ 2019ರ ಏಪ್ರಿಲ್‌ನಿಂದ ಕಡ್ಡಾಯ.

ಕೊಳ್ಳುವ ಮುನ್ನ ನೋಡಬೇಕಾದ್ದು

ಕಣ್ಣಿಗೆ ಹಿಡಿಸಿದ ಬೈಕು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಚಿತ್ರ ನೋಡಿ ತೀರ್ಮಾನಿಸುವ ಮುನ್ನ ಇಷ್ಟನ್ನು ಪರೀಕ್ಷಿಸಿ:

ಟೆಸ್ಟ್ ರೈಡ್ ಖಾಲಿ ರಸ್ತೆಯಲ್ಲಿ ಎರಡು ನಿಮಿಷ ಸಾಲದು. ಟ್ರಾಫಿಕ್ ಇರುವ ದಾರಿಯಲ್ಲಿ ಕನಿಷ್ಠ 15 ನಿಮಿಷ ಓಡಿಸಿ. ಮಣಿಕಟ್ಟು, ಕತ್ತು, ತೊಡೆಗೆ ತಾಗುವ ಬಿಸಿ ಆಗ ಗೊತ್ತಾಗುತ್ತದೆ.

ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು. ತಿರುಗುವ ಕೋನ ಕಡಿಮೆಯಿದ್ದರೆ ಇಕ್ಕಟ್ಟಿನಲ್ಲಿ ಯು-ಟರ್ನ್ ಕಷ್ಟ.

ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಬೇಕು, ನಿಮ್ಮ ಮೊಣಕೈ ಅಲ್ಲ.

ಮನೆಯವರನ್ನು ಹಿಂದೆ ಕೂರಿಸಿಕೊಂಡು ನೋಡಿ. ಏರಿ ಇಳಿಯುವುದು, ಹಿಡಿದುಕೊಳ್ಳುವುದು ಅವರಿಗೆ ಸಲೀಸಾಗಿರಬೇಕು.

ಫೇರಿಂಗ್‌ನ ಬಿಡಿಭಾಗಗಳ ಬೆಲೆ ಕೇಳಿಕೊಳ್ಳಿ. ನಿಂತಲ್ಲೇ ಬೈಕು ವಾಲಿ ಬಿದ್ದರೂ ಮೊದಲು ಒಡೆಯುವುದು ಅದು.

ಸ್ಪೋರ್ಟ್ಸ್ ಬೈಕಿನ ಹೆಚ್ಚಿನ ಭಾಗಗಳು ಟ್ರ್ಯಾಕಿನ ಅಗತ್ಯದಿಂದ ಹುಟ್ಟಿದವು, ಅಲ್ಲಿ ಅವು ಸುಳ್ಳಲ್ಲ. ಅವುಗಳ ಲಾಭ ವೇಗದೊಂದಿಗೆ ಬೆಳೆಯುತ್ತದೆ, ತೊಂದರೆ ಮಾತ್ರ ಎಲ್ಲ ವೇಗದಲ್ಲೂ ಇರುತ್ತದೆ. ವಾರಕ್ಕೆ ಒಂದು ಬೆಳಿಗ್ಗೆ ಹೆದ್ದಾರಿಗೆ ಹೋಗುವವರಿಗೆ ಈ ಲೆಕ್ಕ ಸರಿಹೊಂದಬಹುದು. ದಿನಕ್ಕೆ 30 ಕಿ.ಮೀ. ಆಫೀಸಿಗೆ ಓಡಾಡುವವರಿಗೆ, ಹೆಂಡತಿ ಅಥವಾ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗುವವರಿಗೆ ಸ್ವಲ್ಪ ನೆಟ್ಟಗೆ ಕೂರಿಸುವ, ಅಗಲ ಸೀಟಿನ ಬೈಕೇ ಹೊಂದುತ್ತದೆ.