ಹಗುರವಾದ ಸ್ಟೀರಿಂಗನ್ನು ಮತ್ತೆ ಬಿಗಿ ಮಾಡಿದವರು

ವಿಜ್ಞಾನದ ಇತಿಹಾಸವನ್ನು ತರಗತಿಯಲ್ಲಿ ಹೇಳುವಾಗ ನಾವು ಶಿಕ್ಷಕರು ಅದನ್ನು ಏಣಿಯ ಮೆಟ್ಟಿಲುಗಳಂತೆ ಹೇಳುತ್ತೇವೆ. ಮೊದಲು ಇದು ಇತ್ತು, ಆಮೇಲೆ ಅದಕ್ಕಿಂತ ಉತ್ತಮವಾದದ್ದು ಬಂತು, ಹಳೆಯದು ಹೋಯಿತು. ಆದರೆ ಮೇಲೆ ಹತ್ತಿದವರೇ ತಿಳಿದೂ ತಿಳಿದು ಒಂದು ಮೆಟ್ಟಿಲು ಕೆಳಗಿಳಿದ ಪ್ರಸಂಗಗಳೂ ಇವೆ. ಕಾರಿನ ಪವರ್ ಸ್ಟೀರಿಂಗ್ ಅಂಥದ್ದೊಂದು. ಅದು ಜನರ ಕೈಗೆ ಮುಟ್ಟಲು 25 ವರ್ಷ ಹಿಡಿಯಿತು. ಮುಂದೆ ಸ್ಪೋರ್ಟ್ಸ್ ಕಾರುಗಳ ಕೆಲವು ಒಡೆಯರು ಹಣ ಕೊಟ್ಟು ಕೊಂಡ ಆ ಸೌಲಭ್ಯವನ್ನು ಕಿತ್ತುಹಾಕಿ ಮ್ಯಾನ್ಯುಯಲ್ ಸ್ಟೀರಿಂಗಿಗೆ ಮರಳಿದರು. ಗಂಗಾವತಿ, ಕೊಪ್ಪಳದ ಗ್ಯಾರೇಜುಗಳಲ್ಲಿ ಉಸ್ತಾದರ ಕೈಕೆಳಗೆ ಸ್ಪ್ಯಾನರ್ ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಮಂಗಳೂರಿನ (ಕರಾವಳಿಯದಲ್ಲ, ಯಲಬುರ್ಗಾ ಸೀಮೆಯದು) ಎತ್ತಿನ ಬಂಡಿಗೆ ಸ್ಟೀರಿಂಗ್ ಇಲ್ಲ. ಎರಡೇ ಗಾಲಿ, ಎತ್ತು ತಿರುಗಿದರೆ ಬಂಡಿ ತಿರುಗಿತು. ನಾಲ್ಕು ಗಾಲಿಯ ಗಾಡಿಗೆ ಮಾತ್ರ ಸಮಸ್ಯೆ. ತಿರುವಿನಲ್ಲಿ ಒಳಗಿನ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಉರುಳಬೇಕು. ಆದ್ದರಿಂದ ಒಳಗಾಲಿ ಸ್ವಲ್ಪ ಹೆಚ್ಚು ಹೊರಳಬೇಕು. ಜರ್ಮನಿಯ ಮ್ಯೂನಿಕ್ ನಗರದ ಗಾಡಿ ತಯಾರಕ ಜಾರ್ಜ್ ಲ್ಯಾಂಕನ್‌ಸ್ಪರ್ಗರ್ 1817ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದನು. ಮರುವರ್ಷ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಈತ ಪುಸ್ತಕ ಮತ್ತು ಚಿತ್ರಗಳ ಪ್ರಕಾಶಕ! ಇಂದಿಗೂ ಮೆಕ್ಯಾನಿಕಲ್ ಪಠ್ಯಗಳಲ್ಲಿ ನಿಂತಿರುವುದು ಈ ಪ್ರಕಾಶಕನ ಹೆಸರೇ.

ಮೊದಲ ಕಾರುಗಳಿಗೆ ದೋಣಿಯಂತೆ ಹಿಡಿಕೆ ಇರುತ್ತಿತ್ತು. 1894ರ ಪ್ಯಾರಿಸ್–ರೂಯೆನ್ ಓಟದಲ್ಲಿ ಆಲ್ಫ್ರೆಡ್ ವಶೆರಾನ್ ತನ್ನ ಪಾನಾರ್ ಕಾರಿಗೆ ದುಂಡನೆಯ ಸ್ಟೀರಿಂಗ್ ಚಕ್ರ ಹಾಕಿಕೊಂಡು ಬಂದನು. ವಾಹನಗಳು ದೊಡ್ಡವಾದಂತೆ ಅದನ್ನು ತಿರುಗಿಸುವುದು ತೋಳಿನ ಕಸುವಿನ ಕೆಲಸವಾಯಿತು. ಹಳೆಯ ಲಾರಿ, ಬಸ್ಸುಗಳ ಚಾಲಕರು ತಿರುವಿನಲ್ಲಿ ಸೀಟಿನಿಂದ ಅರ್ಧ ಎದ್ದು ಸ್ಟೀರಿಂಗ್ ಎಳೆಯುತ್ತಿದ್ದುದನ್ನು ನಮ್ಮ ಹಿರಿಯರೆಲ್ಲರೂ ಕಂಡಿದ್ದಾರೆ.

ಅಮೆರಿಕದ ಪಿಯರ್ಸ್-ಆ್ಯರೋ ಕಂಪನಿಯ ಲಾರಿ ವಿಭಾಗದಲ್ಲಿದ್ದ ಇಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಈ ಕಷ್ಟವನ್ನು ಹತ್ತಿರದಿಂದ ನೋಡಿದ್ದನು. ನೌಕರಿ ಬಿಟ್ಟು, ಎಣ್ಣೆಯ ಒತ್ತಡದಿಂದ ನೆರವು ನೀಡುವ ಸ್ಟೀರಿಂಗ್ ರಚಿಸಿ 1926ರಲ್ಲಿ ಓಡಿಸಿ ತೋರಿಸಿದನು. ಜನರಲ್ ಮೋಟರ್ಸ್ ಆಸಕ್ತಿ ತೋರಿ, 1934ರಲ್ಲಿ ಖರ್ಚು ಹೆಚ್ಚೆಂದು ಕೈಬಿಟ್ಟಿತು. ಎರಡನೆಯ ಮಹಾಯುದ್ಧದ ಕವಚ ವಾಹನಗಳಲ್ಲಿ ಅದು ಬಳಕೆಗೆ ಬಂತು. ಕೊನೆಗೆ 1951ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಡೇವಿಸನ ಮುಖ್ಯ ಪೇಟೆಂಟುಗಳ ಅವಧಿಯೇ ಮುಗಿದಿತ್ತು.

ಸ್ಪೋರ್ಟ್ಸ್ ಕಾರಿನ ಕಥೆ ಬೇರೆ. ಅದು ಹಗುರ, ಮುಂದಿನ ಗಾಲಿಗಳ ಮೇಲೆ ಭಾರ ಕಡಿಮೆ. ಪೋರ್ಷೆ 911 ಕಾರು 1964ರಿಂದ 25 ವರ್ಷ ಪವರ್ ಸ್ಟೀರಿಂಗ್ ಇಲ್ಲದೆಯೇ ಓಡಿತು. 1990ರ ಹೋಂಡಾ ಎನ್‌ಎಸ್‌ಎಕ್ಸ್ ಕಾರಿನಲ್ಲಿ ಆಟೋಮ್ಯಾಟಿಕ್ ಗೇರಿನವರಿಗೆ ಮಾತ್ರ ಪವರ್ ಸ್ಟೀರಿಂಗ್ ಕೊಟ್ಟರು. ಇದು ಜಿಪುಣತನವಲ್ಲ. ರೊಟ್ಟಿ ಬಡಿಯುವವರ ಅಂಗೈಗೆ ಹಿಟ್ಟಿನ ಹದ ತಿಳಿಯುವಂತೆ ಚಾಲಕನ ಕೈಗೆ ರಸ್ತೆಯ ಹದ ತಿಳಿಯಬೇಕು. ತಿರುವಿನಲ್ಲಿ ಟೈರು ಹಿಡಿತ ಕಳೆದುಕೊಳ್ಳುವ ಮುನ್ನ ಸ್ಟೀರಿಂಗ್ ಕೈಯಲ್ಲಿ ಸಡಿಲವಾದಂತೆ ಅನಿಸುತ್ತದೆ. ಅದು ಎಚ್ಚರಿಕೆಯ ಗಂಟೆ. ನಡುವೆ ಎಣ್ಣೆ ಬಂದರೆ ಆ ಸುದ್ದಿ ಮಂಕಾಗುತ್ತದೆ.

ಪರಿವರ್ತನೆಗೆ ಅತಿ ಹೆಚ್ಚು ಹೆಸರಾದದ್ದು 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ತೂಕ ಒಂದು ಟನ್ನಿನ ಆಸುಪಾಸು. ಇದು ಎರಡೂ ಬಗೆಯ ಸ್ಟೀರಿಂಗಿನಲ್ಲಿ ಸಿಗುತ್ತಿತ್ತು. ಪವರ್ ಇದ್ದವರು ಅದನ್ನು ತೆಗೆಯಲು ಹೊರಟಾಗ ಮೊದಲು ಹೊಳೆಯುವ ಉಪಾಯ, ಪಂಪಿನ ಬೆಲ್ಟ್ ಕತ್ತರಿಸುವುದು. ಇಲ್ಲಿಯೇ ಎಡವಟ್ಟು. ಹೀಗೆ ಮಾಡಿದರೆ ಸಿಗುವುದು ಪವರೂ ಅಲ್ಲದ, ಮ್ಯಾನ್ಯುಯಲೂ ಅಲ್ಲದ, ಎರಡಕ್ಕಿಂತ ಕೆಟ್ಟ ಸ್ಟೀರಿಂಗ್.

ಏಕೆಂದರೆ ಪವರ್ ರ‍್ಯಾಕಿನೊಳಗೆ ಒಂದು ಪಿಸ್ಟನ್ ಇದೆ. ಅದರ ಸುತ್ತ ಎಣ್ಣೆ ದಾಟದಂತೆ ಬಿಗಿಯಾದ ಸೀಲ್ ಇದೆ. ಪಂಪು ನಿಂತರೂ ಈ ಪಿಸ್ಟನ್ ಎಣ್ಣೆಯನ್ನು ಸಣ್ಣ ಕೊಳವೆಗಳಲ್ಲಿ ತಳ್ಳುತ್ತಲೇ ಇರಬೇಕು. ಆ ತಳ್ಳುವ ಬಲವೂ ಈಗ ಚಾಲಕನ ತೋಳಿನದೇ. ಇನ್ನೊಂದು ಗುಟ್ಟು ಪಿನಿಯನ್ನಿನ ಮೇಲಿದೆ. ಅಲ್ಲಿ ಟಾರ್ಶನ್ ಬಾರ್ ಎಂಬ ಸಣ್ಣ ಸರಳು ಸ್ಟೀರಿಂಗ್ ತಿರುಗಿಸಿದಾಗ ಕೆಲವು ಡಿಗ್ರಿ ತಿರುಚಿಕೊಂಡು ಎಣ್ಣೆಯ ವಾಲ್ವ್ ತೆರೆಯುತ್ತದೆ. ಎಣ್ಣೆ ಇಲ್ಲದ ಮೇಲೆ ಆ ತಿರುಚು ಬರೀ ‘ಪ್ಲೇ’ ಆಗಿ ಉಳಿಯುತ್ತದೆ. ಕೈ ತಿರುಗಿದರೂ ಗಾಲಿ ಕ್ಷಣಕಾಲ ಸುಮ್ಮನಿರುತ್ತದೆ.

ಆದ್ದರಿಂದ ಬಲ್ಲವರು ಪಂಪು, ಕೊಳವೆಗಳನ್ನು ತೆಗೆದ ಮೇಲೆ ರ‍್ಯಾಕನ್ನೇ ಬಿಚ್ಚುತ್ತಾರೆ. ಪಿಸ್ಟನ್ನಿನ ಸೀಲ್ ತೆಗೆದು, ಹಳೆಯ ಎಣ್ಣೆ ಒರೆಸಿ, ಹೊಸ ಗ್ರೀಸ್ ಹಚ್ಚಿ, ವಾಲ್ವಿನ ಭಾಗವನ್ನು ವೆಲ್ಡಿಂಗ್ ಮಾಡಿ ಪ್ಲೇ ಇಲ್ಲದಂತೆ ಬಂಧಿಸುತ್ತಾರೆ. ಪ್ರಾಣವೇ ಆ ವೆಲ್ಡಿಂಗಿನ ಮೇಲೆ ನಿಂತಿರುವುದರಿಂದ ಇದು ಕಲಿಕೆಯ ಹುಡುಗರ ಕೈಗೆ ಕೊಡುವ ಕೆಲಸವಲ್ಲ. ಕಾರ್ಖಾನೆಯ ಮ್ಯಾನ್ಯುಯಲ್ ರ‍್ಯಾಕನ್ನೇ ತಂದು ಕೂಡಿಸುವುದು ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ.

ಅಲ್ಲೊಂದು ಲೆಕ್ಕವೂ ಇದೆ. ಆ ಮಾಜ್ದಾದಲ್ಲಿ ಗಾಲಿ ಒಂದು ಡಿಗ್ರಿ ಹೊರಳಲು ಮ್ಯಾನ್ಯುಯಲ್ ಸ್ಟೀರಿಂಗನ್ನು ಸುಮಾರು 18 ಡಿಗ್ರಿ, ಪವರ್ ಸ್ಟೀರಿಂಗನ್ನು ಸುಮಾರು 15 ಡಿಗ್ರಿ ತಿರುಗಿಸಬೇಕು. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಗಣಿತವಿದು. 15ರ ರ‍್ಯಾಕನ್ನು ಎಣ್ಣೆಯಿಲ್ಲದೆ ಬಳಸಿದರೆ 18ರದಕ್ಕಿಂತ ಐದನೆಯ ಒಂದು ಪಾಲು ಹೆಚ್ಚು ಬಲ ಬೇಕು. ಪ್ರತಿಯಾಗಿ ಕಾರು ಚುರುಕಾಗಿ ತಿರುಗುತ್ತದೆ. ಓಡುವಾಗ ಈ ಭಾರ ತಿಳಿಯುವುದಿಲ್ಲ, ನಿಂತಲ್ಲಿ ತಿರುಗಿಸುವಾಗ ತೋಳು ಮಾತಾಡುತ್ತದೆ. 1983ರಿಂದ 2014ರವರೆಗೆ ತಯಾರಾದ ನಮ್ಮ ಮಾರುತಿ 800 ಪವರ್ ಸ್ಟೀರಿಂಗ್ ಇಲ್ಲದೆಯೂ ಸುಲಭವಾಗಿದ್ದುದು ಕಾರು ಹಗುರವಾಗಿದ್ದು ಟೈರು ಸಣ್ಣದಾಗಿದ್ದುದರಿಂದ.

ಓದಿದ ಉತ್ಸಾಹದಲ್ಲಿ ಯಾರೂ ತಮ್ಮ ವಾಹನ ಬಿಚ್ಚಬಾರದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಕಲಿಯಲು ಗುಜರಿಗೆ ಬಂದ ಒಂದು ರ‍್ಯಾಕ್ ಸಾಕು. ಐಟಿಐ ಸೇರಿದವರು ಒಮ್ಮೆ ಬಿಚ್ಚಿ ಆ ಟಾರ್ಶನ್ ಬಾರನ್ನು ಕಣ್ಣಾರೆ ನೋಡಬೇಕು.

ಈಗ ಬರುವ ಹೊಸ ಕಾರುಗಳಲ್ಲಿ ಬಹುತೇಕ ಎಣ್ಣೆಯೇ ಇಲ್ಲ. 1988ರಲ್ಲಿ ಸುಝುಕಿಯ ಸರ್ವೋ ಎಂಬ ಪುಟ್ಟ ಕಾರಿನಲ್ಲಿ ಮೊದಲು ಬಂದ ವಿದ್ಯುತ್ ಮೋಟರಿನ ಸ್ಟೀರಿಂಗೇ ಎಲ್ಲೆಡೆ ಹರಡಿದೆ. ಅದಕ್ಕೆ ಬೆಲ್ಟಿಲ್ಲ, ಪಂಪಿಲ್ಲ. ಫ್ಯೂಸ್ ಕಿತ್ತರೆ ಮ್ಯಾನ್ಯುಯಲ್ ಆಯಿತೆಂದು ತಿಳಿಯುವವರಿದ್ದಾರೆ. ಆದರೆ ಸತ್ತ ಮೋಟರನ್ನೂ ಅದರ ಗೇರನ್ನೂ ಚಾಲಕನ ಕೈಯೇ ಹೊರಳಿಸಬೇಕಾಗುತ್ತದೆ.