ಮೂರೂವರೆ ಸಾವಿರದ ಗೆರೆ: ಕರ್ನಾಟಕದಲ್ಲಿ ವಾಸದ ಬಾಡಿಗೆಯ ಕೊನೆ

ಬಾಡಿಗೆದಾರನನ್ನು ಬಿಡಿಸುವುದು ಸುಲಭವಲ್ಲ ಎಂಬ ಮಾತು ಮನೆ ಮಾಲೀಕರಲ್ಲಿ ಈಗಲೂ ಕೇಳಿಬರುತ್ತದೆ. ಇದರ ಬೇರಿರುವುದು 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ. ಕರಾರು ಮುಗಿದಿದ್ದರೂ, ಅದರ 21ನೇ ಕಲಮಿನ ಕಾರಣಗಳಲ್ಲಿ ಒಂದನ್ನಾದರೂ ರುಜುವಾತುಪಡಿಸದೆ ಮಾಲೀಕನಿಗೆ ಸ್ವಾಧೀನ ಸಿಗುತ್ತಿರಲಿಲ್ಲ. ಸ್ವಂತ ವಾಸಕ್ಕೆ ಮನೆ ಬೇಕೆಂಬುದು ಸಾಬೀತಾದ ಮೇಲೂ, ತೆರವಿನ ಆದೇಶದಿಂದ ಯಾರಿಗೆ ಹೆಚ್ಚು ತೊಂದರೆ ಎಂದು ನ್ಯಾಯಾಲಯ ತೂಗಿ ನೋಡಬೇಕಿತ್ತು. ಮನೆಯ ಒಂದು ಭಾಗ ಬಿಡಿಸಿಕೊಟ್ಟರೆ ಇಬ್ಬರಿಗೂ ಸಾಗುತ್ತದೆ ಎನಿಸಿದರೆ ಅಷ್ಟಕ್ಕೇ ಆದೇಶ ನಿಲ್ಲುತ್ತಿತ್ತು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ ಈ ತಕ್ಕಡಿಯನ್ನು ಮಾಲೀಕನ ಕಡೆಗೆ ವಾಲಿಸಿತು. ಕಾರಣ ತೋರಿಸಬೇಕೆಂಬ ನಿಯಮ 27ನೇ ಕಲಮಿನಲ್ಲಿ ಉಳಿಯಿತು. ಬಾಕಿಗಾಗಿ ತೆರವು ಕೇಳುವ ಮುನ್ನ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ಆದರೆ ಸ್ವಂತ ಉಪಯೋಗಕ್ಕೆ ಬೇಕೆಂದು ಮಾಲೀಕ ಪ್ರಮಾಣಪತ್ರ ಸಲ್ಲಿಸಿದರೆ ಅದು ನಿಜವೆಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲಗಳೆಯುವ ಹೊರೆ ಬಾಡಿಗೆದಾರನದು. ವಿಧವೆಯರು, ಅಂಗವಿಕಲರು ಮತ್ತು ವಯೋವೃದ್ಧರಾದ ಮಾಲೀಕರಿಗೆ ಬೇಗ ಸ್ವಾಧೀನ ಕೊಡಿಸುವ ಏರ್ಪಾಡೂ ಇದೆ. ಒಂದೇ ಮನೆಯ ಬಾಡಿಗೆಯಲ್ಲಿ ಬದುಕು ಸಾಗಿಸುವ ವೃದ್ಧೆಯನ್ನು ನೆನೆದರೆ ಇದನ್ನು ಅನ್ಯಾಯವೆನ್ನಲಾಗದು.

ನನ್ನ ತಕರಾರು ಇರುವುದು 2ನೇ ಕಲಮಿನ ಬಗ್ಗೆ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಬೆಲೆಯೇರಿಕೆಗೆ ತಕ್ಕಂತೆ ಈ ಮಿತಿ ತಾನಾಗಿ ಏರುವಂತೆ ಶಾಸನ ರಚಿಸಿಲ್ಲ. ಹೀಗಾಗಿ ಶಾಸನಸಭೆ ಒಂದಕ್ಷರವನ್ನೂ ತೆಗೆಯದೆ ರಕ್ಷಣೆ ತಾನೇ ಸವೆದುಹೋಗಿದೆ. ಇಂದು ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ ಹಿಡಿದ ಗಾರ್ಮೆಂಟ್ಸ್ ಕಾರ್ಮಿಕಳ ಕುಟುಂಬವೂ ಸಾಮಾನ್ಯವಾಗಿ ಗೆರೆಯ ಆಚೆಗೇ ಉಳಿಯುತ್ತದೆ.

ಆಚೆಗೆ ಇರುವುದು 1882ರ ಸ್ವತ್ತು ವರ್ಗಾವಣೆ ಕಾಯಿದೆ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 106ನೇ ಕಲಮಿನಡಿ ಹದಿನೈದು ದಿನಗಳ ನೋಟಿಸು ಸಾಕು. ಬಾಡಿಗೆದಾರ ಬಿಡದಿದ್ದರೆ ಮಾಲೀಕ ದಾವೆ ಹೂಡಬೇಕು. ಬೀಗ ಒಡೆದು ಸಾಮಾನು ಹೊರಗಿಡುವ ಹಕ್ಕು ಅವನಿಗಿಲ್ಲ. ಆದರೆ ದಾವೆಯಲ್ಲಿ ಮನೆ ಏಕೆ ಬೇಕೆಂದು ಅವನು ಹೇಳಬೇಕಿಲ್ಲ. ಬಾಡಿಗೆ ಸಂಬಂಧ ಇತ್ತು, ನೋಟಿಸು ತಲುಪಿತು ಎಂದು ತೋರಿಸಿದರೆ ಬಹುಪಾಲು ಮುಗಿಯಿತು. 2002ರ ತಿದ್ದುಪಡಿಯ ನಂತರ, ನೋಟಿಸಿನಲ್ಲಿ ದಿನ ಕಡಿಮೆಯಾಗಿದ್ದರೂ ದಾವೆ ಹೂಡುವ ಹೊತ್ತಿಗೆ ಹದಿನೈದು ದಿನ ಕಳೆದಿದ್ದರೆ ಆ ಆಕ್ಷೇಪಣೆಯೂ ನಿಲ್ಲದು.

ಬಾಡಿಗೆ ಏರಿಸಲು ಒಪ್ಪದವನನ್ನೂ ನಲ್ಲಿ ಸೋರುತ್ತಿದೆ ಎಂದು ದೂರಿದವಳನ್ನೂ ಇದೇ ನೋಟಿಸಿನಿಂದ ಹೊರಗೆ ಕಳಿಸಬಹುದು. ಆದ್ದರಿಂದ ಸುಧಾರಣೆ ಆ ರೂಪಾಯಿ ಮಿತಿಯಿಂದಲೇ ತೊಡಗಬೇಕು: ಅದನ್ನು ಆಯಾ ನಗರದ ಚಾಲ್ತಿ ಬಾಡಿಗೆಗೆ ಜೋಡಿಸಿ, ನಿಯತವಾಗಿ ಪರಿಷ್ಕರಿಸುವ ಹೊಣೆಯನ್ನು ಸರ್ಕಾರದ ಮೇಲೆ ಶಾಸನದಲ್ಲೇ ಹೊರಿಸಬೇಕು.