ಪಕ್ಕದ ಮುಖ, ಎದುರು ಮುಖ

ಹಲ್ಲಿಗೆ ತಂತಿ ಹಾಕಿಸಲು ಮಗಳನ್ನು ಕರೆದೊಯ್ದ ತಾಯಂದಿರಿಗೆ ಆ ಎಕ್ಸ್‌ರೇ ಗೊತ್ತು: ಪಕ್ಕದಿಂದ ಕಂಡ ತಲೆಬುರುಡೆ. ಅದರ ತವರು ಅಮೆರಿಕದ ಕ್ಲೀವ್‌ಲ್ಯಾಂಡ್. ಕಿವಿಗಳಿಗೆ ಕಡ್ಡಿ ಆನಿಸಿ, ತಲೆ ಅಲುಗದಂತೆ ಹಿಡಿದು, ಐದು ಅಡಿ ದೂರದಿಂದ ಚಿತ್ರ ತೆಗೆಯುವ ಕ್ರಮವನ್ನು ಬ್ರಾಡ್‌ಬೆಂಟ್ ಎಂಬ ದಂತವೈದ್ಯರು 1931ರಲ್ಲಿ ಪ್ರಕಟಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಹೋಫ್ರಾತ್ ಕೂಡ. ಅದಕ್ಕೆ ಮೊದಲು ಎಲುಬಿನ ಬೆಳವಣಿಗೆ ತಿಳಿಯಲು ಹೆಚ್ಚಾಗಿ ಸತ್ತವರ ಬುರುಡೆಗಳೇ ಗತಿ. ಈಗ ಬೆಳೆಯುವ ಮಗುವನ್ನೇ ವರ್ಷವರ್ಷವೂ ಅಳೆಯಬಹುದಾಯಿತು.

ಬ್ರಾಡ್‌ಬೆಂಟ್ ಪಕ್ಕದಿಂದೊಂದು, ಎದುರಿನಿಂದೊಂದು ಪಟ ತೆಗೆದು, ಎರಡನ್ನೂ ಕೂಡಿಸಿ ಉದ್ದ, ಅಗಲ, ಎತ್ತರ ನೋಡುತ್ತಿದ್ದರು. ಆಮೇಲಿನವರು ಬಹುಮಟ್ಟಿಗೆ ಪಕ್ಕದ್ದೊಂದನ್ನೇ ಉಳಿಸಿಕೊಂಡರು. ಎಡ ಬಲ ದವಡೆಗಳು ಒಂದರ ಮೇಲೊಂದು ಬಿದ್ದ ಆ ನೆರಳಿನಲ್ಲಿ ಸೊಟ್ಟ ಗದ್ದ ಕಾಣುವುದು ಹೇಗೆ? ಕನ್ನಡಿಯೆದುರು ನಿಂತ ಹುಡುಗಿಯನ್ನು ಕಾಡುವುದು ಅದೇ ತಾನೆ!

1998ರಲ್ಲಿ ಇಟಲಿಯ ತಂಡವೊಂದು, ತಲೆಯ ಸುತ್ತ ತಿರುಗುತ್ತ ಚಿತ್ರ ತೆಗೆಯುವ ಕೋನ್ ಬೀಮ್ ಸಿ.ಟಿ. ಯಂತ್ರವನ್ನು ವಿವರಿಸಿತು. ಎಡ, ಬಲ ಬೇರೆಬೇರೆಯಾಗಿ ಕಂಡವು. ಆದರೆ ಸಾಮಾನ್ಯವಾಗಿ ಇದರಲ್ಲಿ ವಿಕಿರಣ ಹೆಚ್ಚು. ಬೆಳೆಯುವ ಮಕ್ಕಳ ವಿಷಯದಲ್ಲಿ ಅದು ಸಣ್ಣ ಮಾತಲ್ಲ. ಯಾವುದು, ಏಕೆ ಎಂದು ತಾಯಿ ಕೇಳಲೇಬೇಕು. ಬರಿಯ ಓರೆಹಲ್ಲಿಗೆ ಚಪ್ಪಟೆ ಪಟವೇ ಸಾಕು. ಮುಖ ಒಂದು ಕಡೆಗೆ ವಾಲಿದ್ದರೆ, ಹಲ್ಲು ಎಲುಬಿನೊಳಗೇ ಹುದುಗಿದ್ದರೆ ಹೊಸ ಯಂತ್ರ ಬೇಕಾಗಬಹುದು.